ಕಾವುಪೆಟ್ಟಿಗೆ ಕೈಕೊಟ್ಟಾಗ: ಬ್ಯಾಟರಿಯಲ್ಲಿ ನಡೆಯುವ ಮರಿ ಬೆಚ್ಚಗಿಡುವ ತಟ್ಟೆಯ ದೋಷ ಹುಡುಕುವ ಬಗೆ

ಆರಿದ್ರಾ ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ, ಹೊಸನಗರ ಕಡೆ ಕರೆಂಟನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಎಲ್ಲೋ ಕಾಡಿನ ನಡುವೆ ಲೈನಿನ ಮೇಲೆ ಮರ ಬೀಳುತ್ತದೆ. ಆ ಸುರಿಮಳೆಯಲ್ಲಿ ಲೈನ್‌ಮನ್‌ಗಳು ಜಾಗ ಹುಡುಕಿ ಮರ ಕಡಿದು ತೆಗೆಯುವವರೆಗೆ ಒಂದು ರಾತ್ರಿಯೂ ಆಗಬಹುದು, ಮೂರು ರಾತ್ರಿಯೂ ಆಗಬಹುದು. ನಾವು ಕಂಬಳಿ ಹೊದ್ದು ಮಲಗುತ್ತೇವೆ. ಹೇಂಟೆ ಬಿಟ್ಟುಹೋದ ಮರಿಗಳಿಗೆ ಆ ಅನುಕೂಲವಿಲ್ಲ. ಹುಟ್ಟಿದ ಮೊದಲ ವಾರ ಅವಕ್ಕೆ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬಹುದು. 100 ವ್ಯಾಟಿನ ಬಲ್ಬನ್ನು ರಾತ್ರಿಯಿಡೀ ಇನ್ವರ್ಟರಿನಲ್ಲಿ ಉರಿಸಿದರೆ ಬ್ಯಾಟರಿ ಉಳಿಯುವುದಿಲ್ಲ. ಅದಕ್ಕೇ ಈಗ ಹಲವು ಮನೆಗಳಲ್ಲಿ 12 ವೋಲ್ಟಿನ ಕಾವುತಟ್ಟೆಯನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದಾರೆ.

ಕಟ್ಟುವುದು ಸುಲಭ. ಆದರೆ ಪುಷ್ಯ ಮಳೆಯ ನಡುರಾತ್ರಿ ಅದು ತಣ್ಣಗಾದಾಗ ಎಲ್ಲಿಂದ ಹುಡುಕಬೇಕು ಎಂದು ಗೊತ್ತಿಲ್ಲದಿದ್ದರೆ ಮರಿ ಉಳಿಯುವುದಿಲ್ಲ. ಒಂದು ವರ್ಷ ಬೆಳಗ್ಗೆ ಎದ್ದು ನೋಡಿದಾಗ ನನ್ನ ಹನ್ನೊಂದು ಮರಿಗಳಲ್ಲಿ ನಾಲ್ಕು ಸತ್ತಿದ್ದವು. ಬ್ಯಾಟರಿ ತುಂಬಿತ್ತು, ವೈರ್ ಸರಿಯಿತ್ತು, ತಟ್ಟೆ ಮಾತ್ರ ತಣ್ಣಗಿತ್ತು. ಕೈಯಿಟ್ಟು ನೋಡುತ್ತ ಹೋದರೆ ಪ್ಲಗ್ ಸುಡುತ್ತಿತ್ತು. ಅವತ್ತಿನಿಂದ ನಾನು ದೋಷ ಹುಡುಕುವುದು ಒಂದೇ ಪ್ರಶ್ನೆಯಿಂದ: ಕಾವು ಎಲ್ಲಿ ಹೋಯಿತು? ಬ್ಯಾಟರಿ ಬಿಟ್ಟುಕೊಟ್ಟ ಶಕ್ತಿ ಎಲ್ಲಾದರೂ ಒಂದು ಕಡೆ ಕಾವಾಗಲೇಬೇಕು. ತಟ್ಟೆಯಲ್ಲಿ ಆಗದಿದ್ದರೆ ಪ್ಲಗ್ಗಿನಲ್ಲಿ, ಕ್ಲಿಪ್ಪಿನಲ್ಲಿ ಅಥವಾ ಉದ್ದದ ವೈರಿನಲ್ಲಿ ಆಗುತ್ತಿದೆ. ಎಲ್ಲೂ ಇಲ್ಲವೆಂದರೆ ಕರೆಂಟು ಹರಿಯುತ್ತಲೇ ಇಲ್ಲ. ಈ ಮೂರರಲ್ಲಿ ಯಾವುದು ಎಂದು ತಿಳಿದರೆ ಅರ್ಧ ಕೆಲಸ ಮುಗಿಯಿತು.

ಸರಿಯಿದ್ದಾಗ ಅದು ಹೇಗಿರುತ್ತದೆ

ಇಲ್ಲಿ ಕೊಡುವ ಲೆಕ್ಕವೆಲ್ಲ ನನ್ನ ಪೆಟ್ಟಿಗೆಯದು. ಒಂದಡಿ ಚದರದ ಅಲ್ಯೂಮಿನಿಯಂ ತಗಡು. ಅದರ ಬೆನ್ನಿಗೆ ಸಿಲಿಕೋನ್ ಹೊದಿಕೆಯ ಕಾರ್ಬನ್ ಫೈಬರ್ ಹೀಟಿಂಗ್ ವೈರಿನ ನಾಲ್ಕು ಎಳೆ, ಒಂದೊಂದೂ ಒಂದು ಮೀಟರ್, ಬಳಸಿ ಬಳಸಿ ಅಲ್ಯೂಮಿನಿಯಂ ಟೇಪಿನಿಂದ ಅಂಟಿಸಿದ್ದು. ಅದರ ಮೇಲೆ ಕಾರ್ಕ್ ಹಾಳೆ, ಮತ್ತೆ ಪ್ಲೈವುಡ್. ತಟ್ಟೆಗೆ ನಾಲ್ಕು ಕಾಲು. ಮರಿ ಒಳಗೆ ನುಸುಳಿದರೆ ಬೆನ್ನಿಗೆ ತಗಡು ತಾಗಿಯೂ ತಾಗದಂತೆ, ಹೇಂಟೆಯ ಹೊಟ್ಟೆಯಡಿ ಕೂತ ಹಾಗೆ ಇರಬೇಕು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 3 ಆಂಪಿಯರಿನ ನೇರಳೆ ಬಣ್ಣದ ಗಾಡಿ ಫ್ಯೂಸು, ನಡುವೆ ಡಬ್ಲ್ಯು 1209 ಎಂದು ಅಂಗಡಿಯಲ್ಲಿ ಸಿಗುವ ಥರ್ಮೋಸ್ಟಾಟ್ ಬೋರ್ಡು (ತಟ್ಟೆಗೆ ಅಂಟಿಸಿದ ಸೆನ್ಸರಿನಿಂದ ಬಿಸಿ ಅಳೆದು ತಟ್ಟೆಯನ್ನು ಹಚ್ಚಿ ಆರಿಸುವುದು), ತಟ್ಟೆಗೆ ಒತ್ತಿಕೊಂಡಂತೆ 50 ಡಿಗ್ರಿಗೆ ಸಂಪರ್ಕ ಬಿಟ್ಟುಕೊಳ್ಳುವ ಪುಟ್ಟ ಕಟ್‌ಆಫ್.

ಈ ವೈರು ಮೀಟರಿಗೆ ಸುಮಾರು 33 ಓಮ್ (ಕರೆಂಟಿಗೆ ವೈರು ಒಡ್ಡುವ ಅಡ್ಡಿಯ ಅಳತೆ). ನಾಲ್ಕು ಎಳೆ ಪ್ಯಾರಲಲ್ ಸೇರಿದರೆ, ಅಂದರೆ ಎಲ್ಲದರ ಒಂದು ತುದಿ ಪ್ಲಸ್ಸಿಗೆ, ಇನ್ನೊಂದು ಮೈನಸ್ಸಿಗೆ ಕಟ್ಟಿದರೆ, ಎಂಟೂಕಾಲು ಓಮ್. 12 ವೋಲ್ಟಿಗೆ ಒಂದೂವರೆ ಆಂಪಿಯರಿಗೆ ಸ್ವಲ್ಪ ಕಡಿಮೆ, ಹದಿನೇಳೂವರೆ ವ್ಯಾಟ್. ಮಳೆಗಾಲದ 20 ಡಿಗ್ರಿಯ ಕೊಟ್ಟಿಗೆಯಲ್ಲಿ ತಟ್ಟೆ 40 ಡಿಗ್ರಿಯ ಆಸುಪಾಸಿಗೆ ಏರಲು ಇಷ್ಟು ಸಾಕು. ನಿಮ್ಮದು ಬೇರೆ ಅಳತೆಯದಾದರೆ ಎಲ್ಲ ಸರಿಯಿರುವ ದಿನ ಎರಡು ಅಂಕಿ ಬರೆದಿಟ್ಟುಕೊಳ್ಳಿ: ಬ್ಯಾಟರಿಯಿಂದ ಬಿಡಿಸಿ ಅಳೆದ ತಟ್ಟೆಯ ಓಮ್, ಮತ್ತು ಉರಿಯುತ್ತಿರುವಾಗ ತಟ್ಟೆಯ ತುದಿಗಳಲ್ಲಿ ಸಿಗುವ ವೋಲ್ಟ್. ನಾನು ಪೆಟ್ಟಿಗೆಯ ಮುಚ್ಚಳದ ಒಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ರಾತ್ರಿ ಎರಡು ಗಂಟೆಗೆ ನೆನಪಿನಿಂದ ಲೆಕ್ಕ ಹಾಕಲಾಗುವುದಿಲ್ಲ.

ಕೈ ಹಾಕುವ ಮೊದಲು

12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಸುಡುತ್ತದೆ. ಇನ್ವರ್ಟರ್ ಬ್ಯಾಟರಿಯ ಎರಡು ತುದಿಗೆ ಸ್ಪಾನರ್ ಅಡ್ಡ ಬಿದ್ದರೆ ನೂರಾರು ಆಂಪಿಯರ್ ಹರಿದು ಸ್ಪಾನರೇ ಕೆಂಪಗಾಗಬಹುದು. ಉಂಗುರ, ಬಳೆ, ಕೈಗಡಿಯಾರ ತೆಗೆದಿಡಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ. ಅಲ್ಲಿ ದೀಪ, ಬೀಡಿ, ಬೆಂಕಿಕಡ್ಡಿ ಬೇಡ, ಬಚ್ಚಲೊಲೆಯ ಪಕ್ಕ ಬ್ಯಾಟರಿ ಇಡುವುದೂ ಬೇಡ. ಇನ್ವರ್ಟರನ್ನು ಆಫ್ ಮಾಡಿಯೇ ಬ್ಯಾಟರಿಯ ತುದಿ ಮುಟ್ಟಿ. ಇನ್ವರ್ಟರಿನ ಪೆಟ್ಟಿಗೆಯನ್ನಂತೂ ಬಿಚ್ಚಲೇಬೇಡಿ, ಒಳಗೆ 230 ವೋಲ್ಟ್ ಇರುತ್ತದೆ.

ಇದೆಲ್ಲಕ್ಕಿಂತ ಮೊದಲು ಮರಿಗಳ ವ್ಯವಸ್ಥೆ. ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ. ಎರಡು ಬಾಟಲಿಗೆ ತುಂಬಿ, ಹಳೆ ಪಂಚೆ ಸುತ್ತಿ ಮರಿಗಳ ನಡುವೆ ಇಟ್ಟರೆ ಒಂದೆರಡು ಗಂಟೆ ನಿರಾಳ. ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಮಾತ್ರ ಇಡಬೇಡಿ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಮರಿಯನ್ನೂ ಕೊಲ್ಲುತ್ತದೆ, ಮನುಷ್ಯರನ್ನೂ.

ಮರಿಗಳು ಚಿಂವ್‌ಗುಟ್ಟುತ್ತಿವೆ, ತಟ್ಟೆ ಬೆಚ್ಚಗೇ ಇದೆ

ಮೀಟರ್ (ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್) ತೆಗೆಯುವ ಮುಂಚೆ ಮರಿಗಳನ್ನು ನೋಡಿ. ತಟ್ಟೆಯಡಿ ಒಂದರ ಮೇಲೊಂದು ಹತ್ತಿ ಎತ್ತರದ ದನಿಯಲ್ಲಿ ಕೂಗುತ್ತಿದ್ದರೆ ಕಾವು ಸಾಲದು. ತಟ್ಟೆಯಿಂದ ದೂರ ಓಡಿ, ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ಉಸಿರಾಡುತ್ತಿದ್ದರೆ ಕಾವು ಹೆಚ್ಚು. ಎಲ್ಲವೂ ಒಂದೇ ಮೂಲೆಗೆ ಒತ್ತಿಕೊಂಡಿದ್ದರೆ ಎದುರು ಬದಿಯಿಂದ ಶೀತಗಾಳಿ ನುಗ್ಗುತ್ತಿದೆ. ಆಗ ತಟ್ಟೆಯ ತಪ್ಪಿಲ್ಲ, ಗೋಣಿಚೀಲ ಅಡ್ಡ ಕಟ್ಟಿದರೆ ಮುಗಿಯಿತು. ಕೆಳಗಿನ ಹೊಟ್ಟು ಒದ್ದೆಯಾಗಿದ್ದರೂ ಮರಿಗೆ ಚಳಿಯೇ, ಕಾಲಿನಿಂದ ಮೇಲಕ್ಕೆ. ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಉಂಡೆಯಾಗಿ ನಿಂತರೆ ಬದಲಿಸಿ.

ವಾರ ಕಳೆದ ಹಾಗೆ ಮರಿ ಎತ್ತರವಾಗುತ್ತದೆ. ತಟ್ಟೆಯ ಕಾಲು ಎತ್ತರಿಸದಿದ್ದರೆ ಅವು ಒಳಗೆ ಹೋಗಲಾರದೆ ಹೊರಗೇ ನಿಂತು ಕೂಗುತ್ತವೆ. ನೋಡುವವರಿಗೆ ತಟ್ಟೆ ಕೆಟ್ಟ ಹಾಗೆ ಕಾಣುತ್ತದೆ.

ತಟ್ಟೆ ಪೂರ್ತಿ ತಣ್ಣಗಿದೆ, ಎಲ್ಲೂ ಬಿಸಿ ಇಲ್ಲ

ಕರೆಂಟು ಹರಿಯುತ್ತಿಲ್ಲ. ಎಲ್ಲಕ್ಕಿಂತ ಅಗ್ಗದ ದೋಷ ಇದೇ. ಥರ್ಮೋಸ್ಟಾಟಿನ ಅಂಕಿ ಬೆಳಗುತ್ತಿದೆಯೇ ನೋಡಿ. ಅದೂ ಆರಿದ್ದರೆ ದೋಷ ಬ್ಯಾಟರಿ ಮತ್ತು ಬೋರ್ಡಿನ ನಡುವೆ: ಕ್ಲಿಪ್ಪು ಜಾರಿದೆ, ಫ್ಯೂಸು ಹೋಗಿದೆ, ಅಥವಾ ತುದಿಯಲ್ಲಿ ಬಿಳಿ-ಹಸಿರು ಹಿಟ್ಟು ಕಟ್ಟಿದೆ. ಫ್ಯೂಸನ್ನು ಕಣ್ಣಿನಿಂದ ನೋಡಿ ನಂಬಬೇಡಿ. ಮೀಟರನ್ನು ಬೀಪ್ ಬರುವ ಕಡೆಗೆ ತಿರುಗಿಸಿ ಎರಡು ಕಾಲಿಗೆ ತಾಗಿಸಿ. ಫ್ಯೂಸಿನ ಕಾಲು ಸರಿಯಿದ್ದೂ ಹೋಲ್ಡರಿನ ಹಿಡಿತ ಸಡಿಲವಾಗಿರುವುದೂ ಉಂಟು.

ಅಂಕಿ ಬೆಳಗುತ್ತಿದೆ, ಅಲ್ಲಿ ತೋರಿಸುವ ಬಿಸಿ ನೀವಿಟ್ಟ ಗುರಿಗಿಂತ ಕಡಿಮೆಯಿದೆ, ಆದರೂ ತಟ್ಟೆ ತಣ್ಣಗಿದೆಯೇ? ಹಾಗಾದರೆ ಬೋರ್ಡಿನ ನಂತರ ನೋಡಿ. ಹೊಸದಾಗಿ ಕಟ್ಟಿದವರು ಸಾಮಾನ್ಯವಾಗಿ ಎಡವುವ ಜಾಗ ಒಂದಿದೆ. ಈ ಬೋರ್ಡಿನ ರಿಲೇ ತಾನಾಗಿ ವೋಲ್ಟ್ ಕೊಡುವುದಿಲ್ಲ, ಅದು ಬರೀ ಸ್ವಿಚ್ಚು. ಕೆ0, ಕೆ1 ಎಂಬ ತುದಿಗಳ ನಡುವೆ ಪ್ಲಸ್ ವೈರನ್ನು ನೀವೇ ಹಾಯಿಸಬೇಕು. ಇನ್ನೊಂದು, ಬೋರ್ಡು ತಂಪು ಮಾಡುವ ಸೆಟ್ಟಿಂಗಿನಲ್ಲಿದ್ದರೆ ಕೆಲಸ ಉಲ್ಟಾ ನಡೆಯುತ್ತದೆ: ಬಿಸಿಯಾದಾಗ ಆನ್, ತಣ್ಣಗಾದಾಗ ಆಫ್. ಸೆಟ್ ಗುಂಡಿಯನ್ನು ಒತ್ತಿಹಿಡಿದು ಪಿ0 ಬರಿಸಿ, ಅಲ್ಲಿ ‘ಸಿ’ ಇದ್ದರೆ ‘ಎಚ್’ ಮಾಡಿ.

ಅದೂ ಸರಿಯಿದ್ದರೆ 50 ಡಿಗ್ರಿಯ ಕಟ್‌ಆಫನ್ನು ಅಳೆಯಿರಿ. ತಣ್ಣಗಿರುವಾಗ ಅದರ ಎರಡು ವೈರು ಬೀಪ್ ಎನ್ನಲೇಬೇಕು. ಎನ್ನದಿದ್ದರೆ ಹೊಸದು ಹಾಕಿ. ಅದನ್ನು ಬಿಟ್ಟು ನೇರ ಜೋಡಿಸುವ ಯೋಚನೆ ಬೇಡ. ರಿಲೇ ಅಂಟಿಕೊಂಡ ದಿನ ಹೊಟ್ಟಿಗೂ ಬೆಂಕಿಗೂ ನಡುವೆ ಉಳಿಯುವುದು ಅದೊಂದೇ.

ಒಂದು ಕಡೆ ಬೆಚ್ಚಗೆ, ಇನ್ನೊಂದು ಕಡೆ ತಣ್ಣಗೆ

ತಟ್ಟೆಯ ಮೇಲೆ ಅಂಗೈಯಿಟ್ಟು ನಿಧಾನವಾಗಿ ಸವರಿ. ಒಂದು ಪಟ್ಟಿಯಷ್ಟು ಜಾಗ ತಣ್ಣಗಿದ್ದರೆ ನಾಲ್ಕು ಎಳೆಯಲ್ಲಿ ಒಂದು ಬಿಟ್ಟುಹೋಗಿದೆ. ಬ್ಯಾಟರಿಯಿಂದ ಬಿಡಿಸಿ ತಟ್ಟೆಯನ್ನು ಓಮಿನಲ್ಲಿ ಅಳೆದರೆ ಎಷ್ಟು ಎಳೆ ಬದುಕಿವೆ ಎಂದು ಲೆಕ್ಕ ಸಿಗುತ್ತದೆ: ಎಂಟೂಕಾಲು ಬಂದರೆ ನಾಲ್ಕೂ ಇವೆ, 11 ಬಂದರೆ ಮೂರು, ಹದಿನಾರೂವರೆಗೆ ಎರಡು, 33ಕ್ಕೆ ಒಂದೇ. ಮೀಟರಿನ ವೈರಿನದ್ದೇ ಸ್ವಲ್ಪ ಓಮ್ ಸೇರಿರುತ್ತದೆ. ಎರಡು ಮುಳ್ಳನ್ನೂ ಒಂದಕ್ಕೊಂದು ತಾಗಿಸಿ ಬಂದ ಅಂಕಿಯನ್ನು ಕಳೆಯಿರಿ. ಅಳೆಯುವಾಗ ವೈರನ್ನು ಅಲುಗಾಡಿಸಿ. ಅಂಕಿ ಕುಣಿದರೆ ಜಾಯಿಂಟು ಅರ್ಧ ಬಿಟ್ಟಿದೆ, ಅದು ಪೂರ್ತಿ ಬಿಟ್ಟದ್ದಕ್ಕಿಂತ ಕೆಟ್ಟದ್ದು.

ನಾನು ನೋಡಿದ ಮಟ್ಟಿಗೆ ಎಳೆ ನಡುವೆ ತುಂಡಾಗುವುದು ಅಪರೂಪ. ಬಿಡುವುದು ತುದಿಯ ಜಾಯಿಂಟು, ಅದಕ್ಕೂ ಕಾರಣವಿದೆ. ಕಾರ್ಬನ್ ಫೈಬರಿಗೆ ಬೆಸುಗೆ ಹಿಡಿಯುವುದಿಲ್ಲ. ಸೀಸ ಮೇಲೆ ಮುತ್ತಿನಂತೆ ನಿಂತು, ಹಿಡಿದ ಹಾಗೆ ಕಂಡು, ತಣ್ಣಗಾದ ಮೇಲೆ ಜಾರುತ್ತದೆ. ನೈಕ್ರೋಮ್ ತಂತಿಯದ್ದೂ ಇದೇ ಕಥೆ, ಮಾಮೂಲಿ ಸೋಲ್ಡರ್ ಅದಕ್ಕೆ ಸರಿಯಾಗಿ ಕೂರುವುದಿಲ್ಲ. ಬರೀ ಹೆಣೆದು ಟೇಪ್ ಸುತ್ತಿದ ಜಾಯಿಂಟು ಬೇಸಿಗೆಯಲ್ಲಿ ನಡೆಯುತ್ತದೆ, ಮಳೆಗಾಲದಲ್ಲಿ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಬೀಳುತ್ತದೆ. ಆ ಸುತ್ತಿನ ಮನೆಗಳಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಪುಸ್ತಕಕ್ಕೂ ಬೂಸ್ಟು ಹಿಡಿಯುತ್ತದೆ. ತಾಮ್ರಕ್ಕೆ ಕಿಲುಬು ಹಿಡಿಯದೆ ಇದ್ದೀತೇ? ಕೋಳಿ ಮರಿಯ ಪೆಟ್ಟಿಗೆಯಲ್ಲಿ ಹಿಕ್ಕೆಯಿಂದ ಏಳುವ ಅಮೋನಿಯಾ ಬೇರೆ, ಅದು ತಾಮ್ರವನ್ನು ಇನ್ನೂ ಬೇಗ ತಿನ್ನುತ್ತದೆ. ಮೂಗಿಗೆ ಕಟು ವಾಸನೆ ಬರುವ ಪೆಟ್ಟಿಗೆಯಲ್ಲಿ ಮರಿಯ ಕಣ್ಣೂ ಉಳಿಯುವುದಿಲ್ಲ, ಜಾಯಿಂಟೂ ಉಳಿಯುವುದಿಲ್ಲ.

ಸರಿಯಾದ ಜಾಯಿಂಟು ಹೀಗೆ. ಸಿಲಿಕೋನ್ ಹೊದಿಕೆಯನ್ನು ಒಂದೂವರೆ ಸೆಂಟಿಮೀಟರ್ ಸುಲಿಯಿರಿ. ಒಳಗಿನ ಕಪ್ಪು ನಾರು ರೇಷ್ಮೆಯಷ್ಟು ನಯ, ಆದರೆ ಚರ್ಮಕ್ಕೆ ಚುಚ್ಚಿಕೊಳ್ಳುತ್ತದೆ. ಗಾಳಿಗೆ ಹಾರಲು ಬಿಡದೆ ಬೆರಳಿನಿಂದ ತಿರುಚಿ ಹಿಂದಕ್ಕೆ ಮಡಿಸಿ. ಸುಲಿದ ತಾಮ್ರದ ವೈರನ್ನು ಅದರ ಪಕ್ಕ ಇಟ್ಟು ಎರಡನ್ನೂ ತಾಮ್ರದ ಸ್ಲೀವಿನೊಳಗೆ ತೂರಿಸಿ ಕ್ರಿಂಪಿಂಗ್ ಇಕ್ಕಳದಿಂದ ಒತ್ತಿ. ಜಗ್ಗಿ ನೋಡಿ, ಬರಬಾರದು. ಅದರ ಮೇಲೆ, ಒಳಬದಿಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಕಾಯಿಸಿದರೆ ತೇವ ಒಳಹೋಗುವುದಿಲ್ಲ. ಜಾಯಿಂಟು ತಗಡಿನ ಮೇಲೆ ಬರದೆ ಪಕ್ಕದ ಮರದ ಪಟ್ಟಿಯ ಮೇಲೆ ಬರಲಿ.

ಇಲ್ಲೊಂದು ಎಚ್ಚರ. ಜಾಯಿಂಟು ಬಿಟ್ಟಾಗಲೆಲ್ಲ ಹತ್ತು ಸೆಂಟಿಮೀಟರ್ ಕತ್ತರಿಸಿ ಹೊಸ ತುದಿ ಮಾಡುತ್ತ ಹೋಗಬೇಡಿ. ವೈರು ಗಿಡ್ಡವಾದರೆ ಬಿಸಿ ಕಡಿಮೆಯಾಗುತ್ತದೆ ಎಂದು ಹಲವರ ನಂಬಿಕೆ, ಆಗುವುದು ಅದರ ವಿರುದ್ಧ. ಒಂದು ಮೀಟರಿನ ಎಳೆ ಅರ್ಧ ಮೀಟರಾದರೆ ಓಮ್ ಅರ್ಧವಾಗಿ ವ್ಯಾಟ್ ಎರಡರಷ್ಟಾಗುತ್ತದೆ, ಅದೂ ಅರ್ಧ ಉದ್ದದಲ್ಲಿ. ಹಾಗಾಗಿ ಒಂದೊಂದು ಸೆಂಟಿಮೀಟರಿಗೆ ಬೀಳುವ ಕಾವು ನಾಲ್ಕು ಪಟ್ಟು. ಎಳೆ 80 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅದನ್ನು ಕಿತ್ತು ಹೊಸದು ಹಾಕಿ.

ತಟ್ಟೆ ಉಗುರುಬೆಚ್ಚಗೆ, ಪ್ಲಗ್ಗೋ ಕ್ಲಿಪ್ಪೋ ಸುಡುತ್ತಿದೆ

ನನ್ನ ನಾಲ್ಕು ಮರಿಗಳನ್ನು ಕೊಂದ ದೋಷ ಇದು. ಜೋಡಣೆಯಲ್ಲಿ ಒಂದು ಓಮ್ ಅಡ್ಡಿ ಬಂದರೆ ಸಾಕು, ಒಂದೂವರೆ ವ್ಯಾಟಿಗೂ ಹೆಚ್ಚು ಕಾವು ಕಡಲೆಕಾಳಿನಷ್ಟು ಜಾಗದಲ್ಲಿ ಹುಟ್ಟುತ್ತದೆ. ಆ ಬಿಸಿಗೆ ಪ್ಲಗ್ಗಿನ ಸ್ಪ್ರಿಂಗು ಸಡಿಲವಾಗುತ್ತದೆ, ಸಡಿಲವಾದರೆ ಅಡ್ಡಿ ಇನ್ನೂ ಹೆಚ್ಚುತ್ತದೆ, ಮತ್ತೆ ಬಿಸಿ. ಕೊನೆಗೆ ಪ್ಲಾಸ್ಟಿಕ್ ಕರಗಿ ಸಂಪರ್ಕವೇ ತಪ್ಪುತ್ತದೆ. ಇಷ್ಟಾದರೂ ಫ್ಯೂಸು ಹೋಗುವುದಿಲ್ಲ, ಏಕೆಂದರೆ ಹರಿಯುವ ಕರೆಂಟು ಹೆಚ್ಚಾಗಿಲ್ಲ, ಕಡಿಮೆಯಾಗಿದೆ. ಈ ದೋಷದಿಂದ ಫ್ಯೂಸು ನಿಮ್ಮನ್ನು ಕಾಯುವುದಿಲ್ಲ.

ಹುಡುಕಲು ಆಂಪಿಯರ್ ಅಳೆಯುವ ಗೋಜಿಗೆ ಹೋಗಬೇಡಿ. ಮೀಟರಿನ ಕೆಂಪು ವೈರನ್ನು 10 ಆಂಪಿಯರಿನ ತೂತಿನಲ್ಲೇ ಮರೆತು ಆಮೇಲೆ ಬ್ಯಾಟರಿಗೆ ತಾಗಿಸಿದರೆ ಅದು ನೇರ ಶಾರ್ಟು. ಬದಲಿಗೆ ತಟ್ಟೆ ಉರಿಯುತ್ತಿರುವಾಗಲೇ ವೋಲ್ಟ್ ಅಳೆಯುತ್ತ ಬನ್ನಿ. ಮೊದಲು ಬ್ಯಾಟರಿಯ ಸೀಸದ ತುದಿಗಳಲ್ಲಿ, ಆಮೇಲೆ ಕ್ಲಿಪ್ಪಿನ ವೈರಿನಲ್ಲಿ, ಫ್ಯೂಸಿನ ಆಚೆ, ರಿಲೇಯ ಆಚೆ, ಪ್ಲಗ್ಗಿನ ಆಚೆ, ಕೊನೆಗೆ ತಟ್ಟೆಯಲ್ಲಿ. ಪ್ರತಿ ಹೆಜ್ಜೆಗೂ ಚೂರು ಚೂರು ಇಳಿಯುವುದು ಸಹಜ. ಒಂದೇ ಕಡೆ ಅರ್ಧ ವೋಲ್ಟ್ ಬಿದ್ದರೆ ಕಳ್ಳ ಅಲ್ಲೇ ಇದ್ದಾನೆ. ರಿಲೇ ಆನ್ ಇರುವಾಗ ಅದರ ಎರಡು ತುದಿಯ ನಡುವೆ ಹೆಚ್ಚುಕಡಿಮೆ ಸೊನ್ನೆ ಇರಬೇಕು. ಅರ್ಧ ವೋಲ್ಟ್ ತೋರಿಸಿದರೆ ಅದರ ಕಾಂಟ್ಯಾಕ್ಟು ಸುಟ್ಟಿದೆ, ಬೋರ್ಡು ಬದಲಿಸಿ.

ಎಲ್ಲೂ ಒಂದೇ ಕಡೆ ಬೀಳದೆ ದಾರಿಯುದ್ದಕ್ಕೂ ಸೋರಿದರೆ ವೈರು ತೆಳ್ಳಗಾಯಿತು. ಜಗಲಿಯ ಇನ್ವರ್ಟರಿನಿಂದ ಕೊಟ್ಟಿಗೆಗೆ ಹತ್ತು ಮೀಟರ್ ಎಂದರೆ ಹೋಗಿ ಬರುವುದು ಸೇರಿ 20 ಮೀಟರ್ ತಾಮ್ರ. ಅರ್ಧ ಚದರ ಮಿಲಿಮೀಟರಿನ ವೈರಿನಲ್ಲಿ ಅಷ್ಟಕ್ಕೆ ಸುಮಾರು 0.7 ಓಮ್, ಒಂದು ವೋಲ್ಟ್ ಹತ್ತಿರ ದಾರಿಯಲ್ಲೇ ಹೋಗಿ, ಹದಿನೇಳೂವರೆ ವ್ಯಾಟಿನ ತಟ್ಟೆ ಹದಿನೈದನ್ನೂ ಮುಟ್ಟುವುದಿಲ್ಲ. ಒಂದೂವರೆ ಚದರ ಮಿಲಿಮೀಟರಿನ ವೈರು ಎಳೆಯಿರಿ. ದುಡ್ಡು ಸ್ವಲ್ಪ ಹೆಚ್ಚು, ಒಂದೇ ಸಲದ ಖರ್ಚು.

ಬ್ಯಾಟರಿ ತುದಿಯ ಬಿಳಿ-ಹಸಿರು ಹಿಟ್ಟಿಗೆ ಬಿಸಿನೀರಿನಲ್ಲಿ ಅಡುಗೆ ಸೋಡಾ ಕಲಸಿ ಹಳೆ ಬ್ರಷ್ಷಿನಿಂದ ಉಜ್ಜಿ, ಒರೆಸಿ ಒಣಗಿಸಿ, ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು, ಮುಚ್ಚಳ ಬಿಗಿಯಾಗಿರಲಿ. ಆಸಿಡ್ ಕಣ್ಣಿಗೆ ಹಾರಿದರೆ ಕಣ್ಣು ತೆರೆದು ಕಾಲು ಗಂಟೆಯಾದರೂ ನೀರು ಹಾಯಿಸಿ, ನೇರ ಆಸ್ಪತ್ರೆಗೆ ಹೋಗಿ.

ರಾತ್ರಿ ಹತ್ತಕ್ಕೆ ಚೆನ್ನಾಗಿತ್ತು, ಬೆಳಗಿನ ಜಾವ ತಣ್ಣಗಾಯಿತು

ಬ್ಯಾಟರಿಯ ಲೆಕ್ಕ ಮೊದಲು. ಯುಪಿಎಸ್‌ನ 7 ಆಂಪಿಯರ್-ಅವರಿನ ಪುಟ್ಟ ಬ್ಯಾಟರಿಯಲ್ಲಿ ಅರ್ಧ ಮಾತ್ರ ಬಳಸುವುದು ಆರೋಗ್ಯ. ಒಂದೂವರೆ ಆಂಪಿಯರಿನಂತೆ ಅದು ಎರಡು ಗಂಟೆ ಚಿಲ್ಲರೆ. ಥರ್ಮೋಸ್ಟಾಟ್ ನಡುನಡುವೆ ಆರಿಸಿದರೆ ನಾಲ್ಕು. ರಾತ್ರಿ ಕಳೆಯಲು ಅದು ಸಾಲುವುದೇ ಇಲ್ಲ, ದೋಷ ಹುಡುಕುವುದು ವ್ಯರ್ಥ. ಮನೆಯ ಇನ್ವರ್ಟರಿನ 150 ಆಂಪಿಯರ್-ಅವರಿನ ಟ್ಯೂಬುಲರ್ ಬ್ಯಾಟರಿ ಚೆನ್ನಾಗಿದ್ದರೆ ಅರ್ಧದಲ್ಲೇ ಎರಡು ದಿನ ಕಾವು ಕೊಡುತ್ತದೆ, ಮನೆಯ ದೀಪಗಳನ್ನು ಹಿಡಿತದಲ್ಲಿ ಇಟ್ಟರೆ.

ಲೆಕ್ಕದ ಪ್ರಕಾರ ಸಾಲಬೇಕಿತ್ತು, ಆದರೂ ಸಾಲಲಿಲ್ಲ ಎಂದರೆ ಬ್ಯಾಟರಿಯನ್ನು ಎರಡು ಗಂಟೆ ಸುಮ್ಮನೆ ಬಿಟ್ಟು ವೋಲ್ಟ್ ನೋಡಿ. 12.7 ತುಂಬಿದ್ದು, 12.2 ಅರ್ಧ, 11.8 ಖಾಲಿ. ಸುಮ್ಮನಿದ್ದಾಗ 12.6 ತೋರಿಸಿ, ತಟ್ಟೆ ಹಾಕಿದ ಹತ್ತು ನಿಮಿಷಕ್ಕೇ 11.5ರ ಕೆಳಗೆ ಕುಸಿದರೆ ಒಳಗಿನ ಪ್ಲೇಟುಗಳು ಸಲ್ಫೇಟ್ ಹಿಡಿದು ಸತ್ತಿವೆ. ಖಾಲಿ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಟ್ಟವರಿಗೆ ಸಿಗುವುದು ಇದೇ. ಪೂರ್ತಿ ಚಾರ್ಜಾದ ಮೇಲೂ 10.5ರ ಸುತ್ತ ನಿಂತರೆ ಆರು ಸೆಲ್ಲಿನಲ್ಲಿ ಒಂದು ಹೋಗಿದೆ. ಇವೆರಡಕ್ಕೂ ಮನೆಯಲ್ಲಿ ಮದ್ದಿಲ್ಲ. ನೀರು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಬಾವಿಯ ನೀರು ಬೇಡ, ಹೆಂಚಿನಿಂದ ಇಳಿದ ಮಳೆನೀರೂ ಬೇಡ.

ಹೆಚ್ಚಿನವರು ಗಮನಿಸದ ಒಂದು ಸಂಗತಿ: ಬ್ಯಾಟರಿ ಇಳಿದಾಗ ಇನ್ವರ್ಟರ್ ಪೀಂ ಎಂದು ತಾನೇ ನಿಲ್ಲುತ್ತದೆ. ನಿಮ್ಮ ತಟ್ಟೆ ಬ್ಯಾಟರಿಗೆ ನೇರ ಕೂತಿರುವುದರಿಂದ ಆ ಕಾವಲು ಅದಕ್ಕಿಲ್ಲ, ಕೊನೆಯ ತೊಟ್ಟಿನವರೆಗೂ ಹೀರುತ್ತದೆ. ಮಲಗುವ ಮುಂಚೆ ಒಮ್ಮೆ, ರಾತ್ರಿ ಎದ್ದಾಗ ಒಮ್ಮೆ ವೋಲ್ಟ್ ನೋಡಿ. 11.8 ತಲುಪಿದರೆ ಬಿಡಿಸಿ, ಹಂಡೆಯ ನೀರಿನ ಬಾಟಲಿಗೆ ಬನ್ನಿ.

ರಿಲೇ ಟಕಟಕ ಎನ್ನುತ್ತಿದೆ, ಅಥವಾ ಅಂಕಿಯ ಬದಲು ಅಕ್ಷರ ಬರುತ್ತಿದೆ

ನಿಮಿಷಕ್ಕೆ ಹತ್ತಾರು ಸಲ ಟಕಟಕ ಎಂದರೆ ದೋಷ ಬೋರ್ಡಿನದಲ್ಲ, ವೋಲ್ಟಿನದು. ತಟ್ಟೆ ಹತ್ತಿದ ಕೂಡಲೇ ವೋಲ್ಟ್ ಕುಸಿದು ರಿಲೇ ಬಿಡುತ್ತದೆ, ಬಿಟ್ಟ ಕೂಡಲೇ ವೋಲ್ಟ್ ಏರಿ ಮತ್ತೆ ಹಿಡಿಯುತ್ತದೆ. ಮೇಲಿನ ಎರಡು ಭಾಗಗಳಿಗೆ ಹೋಗಿ: ಬ್ಯಾಟರಿ ಇಳಿದಿದೆ ಇಲ್ಲವೇ ಜೋಡಣೆ ಸಡಿಲ. ಹಾಗೇ ಬಿಟ್ಟರೆ ಕಿಡಿಗೆ ಕಾಂಟ್ಯಾಕ್ಟು ಅಂಟಿಕೊಂಡು ತಟ್ಟೆ ಆರುವುದೇ ಇಲ್ಲ.

ಎಲ್-ಎಲ್-ಎಲ್ ಎಂದು ತೋರಿಸಿದರೆ ಸೆನ್ಸರಿನ ವೈರು ಕಡಿದಿದೆ ಅಥವಾ ಪ್ಲಗ್ ಕಳಚಿದೆ. ಎಚ್-ಎಚ್-ಎಚ್ ಬಂದರೆ ಸೆನ್ಸರಿನ ಎರಡು ವೈರು ಒಂದಕ್ಕೊಂದು ತಾಗಿವೆ. ಸೆನ್ಸರನ್ನು ಬಿಡಿಸಿ ಅಳೆದರೆ 25 ಡಿಗ್ರಿಯಲ್ಲಿ ಸುಮಾರು 10,000 ಓಮ್ ಬರಬೇಕು, ಮುಷ್ಟಿಯಲ್ಲಿ ಹಿಡಿದರೆ ಇಳಿಯುತ್ತ ಹೋಗಬೇಕು. ಅಂಕಿ ಸರಿಯಾಗಿದ್ದು ತಟ್ಟೆ ಮಾತ್ರ ವಿಪರೀತ ಸುಡುತ್ತಿದ್ದರೆ ಸೆನ್ಸರು ಟೇಪಿನಿಂದ ಬಿಟ್ಟು ಗಾಳಿಯಲ್ಲಿ ನೇತಾಡುತ್ತಿದೆ. ಅದು ಕೊಟ್ಟಿಗೆಯ ಚಳಿಯನ್ನು ಅಳೆದು ತಟ್ಟೆಗೆ ಇನ್ನೂ ಬೇಕು ಎನ್ನುತ್ತಿರುತ್ತದೆ.

ಕರೆಂಟು ಬಂದ ಮೇಲೆ ತಟ್ಟೆ ಹೆಚ್ಚು ಸುಡುತ್ತದೆ

ಇದು ಭ್ರಮೆಯಲ್ಲ. ಲೈನ್ ಬಂದ ಕೂಡಲೇ ಇನ್ವರ್ಟರ್ ಬ್ಯಾಟರಿಯನ್ನು ಚಾರ್ಜ್ ಮಾಡಲು ಶುರುಮಾಡುತ್ತದೆ, ತುದಿಯಲ್ಲಿ 14.4 ವೋಲ್ಟಿನವರೆಗೂ ಏರಬಹುದು. ಬಿಸಿ ವೋಲ್ಟಿನ ವರ್ಗದಂತೆ ಏರುವುದರಿಂದ ಹದಿನೇಳೂವರೆ ವ್ಯಾಟಿನ ತಟ್ಟೆ 25 ವ್ಯಾಟಿನದಾಗುತ್ತದೆ. ಥರ್ಮೋಸ್ಟಾಟ್ ಇಲ್ಲದೆ ನೇರ ಕಟ್ಟಿದವರ ತಟ್ಟೆ ಆಗ ಹತ್ತು ಡಿಗ್ರಿಯಷ್ಟು ಮೇಲೆ ಹೋಗುತ್ತದೆ. ಬೆಳಿಗ್ಗೆ ಕರೆಂಟು ಬಂತು, ಮರಿಗಳು ಬಾಯಿ ಬಿಡುತ್ತಿವೆ ಎಂದರೆ ಇದೇ ಕಾರಣ. ಕರೆಂಟು ಇರುವಾಗ ತಟ್ಟೆ ತೆಗೆದು ಬಲ್ಬಿಗೆ ಬದಲಿಸಿ, ಇಲ್ಲವೇ ಥರ್ಮೋಸ್ಟಾಟ್ ಹಾಕಿ.

ಎರಡು ಬ್ಯಾಟರಿಯ ಇನ್ವರ್ಟರ್ ಇರುವ ಮನೆಯವರು ಇದನ್ನು ಎರಡು ಸಲ ಓದಿ. ಅಲ್ಲಿ ಎರಡೂ ಸೇರಿ 24 ವೋಲ್ಟ್. ತಪ್ಪಿ ಹೊರತುದಿಗಳಿಗೆ ಕಟ್ಟಿದರೆ ತಟ್ಟೆ 70 ವ್ಯಾಟ್ ಹತ್ತಿರ ಎಳೆಯುತ್ತದೆ. ಹರಿಯುವ ಕರೆಂಟು 2.9 ಆಂಪಿಯರ್, ಹಾಗಾಗಿ 3 ಆಂಪಿಯರಿನ ಫ್ಯೂಸು ಹೋಗದೆ ಕೂತಿರುತ್ತದೆ. ಒಂದೇ ಬ್ಯಾಟರಿಯಿಂದ 12 ವೋಲ್ಟ್ ತೆಗೆದರೂ ಎರಡರ ಸಮತೋಲ ತಪ್ಪಿ ಒಂದು ಬೇಗ ಸಾಯುತ್ತದೆ. ಅಂಥ ಮನೆಯಲ್ಲಿ ತಟ್ಟೆಗೆ ಬೇರೆಯೇ ಬ್ಯಾಟರಿ ಇಡಿ.

ಮರಿಗೆ ಮಾಡಿದ ತಟ್ಟೆಯನ್ನು ಅಜ್ಜಿಯ ಕಾಲಿಗೆ, ಮಗುವಿನ ಹಾಸಿಗೆಗೆ ಕೊಡುವವರೂ ಇದ್ದಾರೆ. ದಯವಿಟ್ಟು ಬೇಡ. 44 ಡಿಗ್ರಿ ಕೈಗೆ ಹಿತವೆನಿಸಿದರೂ ಗಂಟೆಗಟ್ಟಲೆ ತಾಗಿದರೆ ಚರ್ಮ ಸುಡುತ್ತದೆ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರಿಗೆ ಅದು ಗೊತ್ತೂ ಆಗುವುದಿಲ್ಲ.

ಫ್ಯೂಸು ಹಾಕಿದ ಕೂಡಲೇ ಹೋಗುತ್ತದೆ

ಎಲ್ಲೋ ಪ್ಲಸ್ಸೂ ಮೈನಸ್ಸೂ ಮುಟ್ಟಿಕೊಂಡಿವೆ. ದೊಡ್ಡ ಫ್ಯೂಸು ಹಾಕಿ ನೋಡೋಣ ಎನ್ನಬೇಡಿ, ಫ್ಯೂಸಿನ ಬದಲು ತಾಮ್ರದ ಎಳೆ ಸುತ್ತುವುದಂತೂ ಮನೆಗೆ ಬೆಂಕಿ ಕರೆದ ಹಾಗೆ. ತಟ್ಟೆಯ ಪ್ಲಗ್ ಕಳಚಿ ಹೊಸ ಫ್ಯೂಸು ಹಾಕಿ. ಈಗಲೂ ಹೋದರೆ ದೋಷ ವೈರಿನಲ್ಲಿದೆ: ಇಲಿ ಕಡಿದ ಜಾಗ, ಬಾಗಿಲ ಸಂದಿಯಲ್ಲಿ ಜಜ್ಜಿದ ಜಾಗ, ಮೊಳೆ ಹೊಡೆದ ಜಾಗ. ನಮ್ಮ ಕಡೆ ಅಟ್ಟದಲ್ಲಿ ಅಡಿಕೆ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ವೈರನ್ನು ಪಿವಿಸಿ ಪೈಪಿನೊಳಗೆ ಎಳೆದರೆ ಕಾಟ ತಪ್ಪುತ್ತದೆ. ಪ್ಲಗ್ ಹಾಕಿದ ಮೇಲೆ ಮಾತ್ರ ಹೋದರೆ ತಟ್ಟೆಯ ಓಮ್ ಅಳೆಯಿರಿ, ನಾಲ್ಕಕ್ಕಿಂತ ಕಡಿಮೆ ಬಂದರೆ ಪ್ಲಸ್, ಮೈನಸ್ ಎರಡೂ ಬದಿಯ ಜಾಯಿಂಟುಗಳ ಕಪ್ಪು ನಾರು ತಗಡಿಗೋ ಒಂದಕ್ಕೊಂದೋ ತಾಗಿದೆ. ಮರಿಗಳ ನೀರಿನ ಬಟ್ಟಲು ಮಗುಚಿದ್ದರೆ ತಟ್ಟೆಯನ್ನು ಅಟ್ಟದ ಮೇಲೆ ಒಂದು ದಿನ ಒಣಗಿಸಿ ಮತ್ತೆ ಅಳೆಯಿರಿ.

ಇಲ್ಲಿಗೆ ನಿಲ್ಲಿಸಿ

ಸುಟ್ಟ ರಬ್ಬರಿನ ವಾಸನೆ, ಹೊಗೆ, ಪ್ಲೈವುಡ್ಡಿನಲ್ಲಿ ಕಂದು ಕಲೆ, ಇವುಗಳಲ್ಲಿ ಒಂದು ಕಂಡರೂ ಮೈನಸ್ ಕಳಚಿ, ಮರಿಗಳನ್ನು ಹೊರಗೆ ತೆಗೆಯಿರಿ. ಆ ತಟ್ಟೆಯನ್ನು ಅದೇ ರಾತ್ರಿ ಮತ್ತೆ ಹಚ್ಚಬೇಡಿ. ಬ್ಯಾಟರಿಯ ಪಕ್ಕ ಉಬ್ಬಿದ್ದರೆ, ಮುಟ್ಟಲಾಗದಷ್ಟು ಬಿಸಿಯಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಿಟಕಿ ಬಾಗಿಲು ತೆರೆದು, ಮೈನ್ ಸ್ವಿಚ್ಚಿನಿಂದ ಇನ್ವರ್ಟರಿನ ಚಾರ್ಜು ನಿಲ್ಲಿಸಿ ದೂರ ಬನ್ನಿ, ಇನ್ವರ್ಟರ್ ಮೆಕ್ಯಾನಿಕ್ಕನ್ನು ಕರೆಸಿ. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಲಿಥಿಯಂ ಸೆಲ್ಲುಗಳನ್ನು ರಕ್ಷಣಾ ಬೋರ್ಡಿಲ್ಲದೆ ಕಟ್ಟಿದ್ದರೆ ಅದರಲ್ಲಿ ದೋಷ ಹುಡುಕುವ ಕೆಲಸವೇ ಬೇಡ. ಬೆಂಕಿ ಹತ್ತಿದರೆ ಅದನ್ನು ಆರಿಸುವುದು ಕಷ್ಟ. ಹೊಟ್ಟು ತುಂಬಿದ ಪೆಟ್ಟಿಗೆಯ ಪಕ್ಕದಿಂದ ಅದನ್ನು ಮೊದಲು ತೆಗೆಯಿರಿ.

ರಿಪೇರಿಯಾದ ತಟ್ಟೆಯನ್ನು ಮರಿಗಳಿಲ್ಲದೆ, ಒಣ ನೆಲದ ಮೇಲೆ, ನೀವು ಎಚ್ಚರವಿರುವಾಗ ಎರಡು ಗಂಟೆ ಉರಿಸಿ. ಅರ್ಧ ಗಂಟೆಗೊಮ್ಮೆ ತಟ್ಟೆಯನ್ನು ಬಿಟ್ಟು ಉಳಿದೆಲ್ಲವನ್ನೂ ಮುಟ್ಟಿ ನೋಡಿ: ಕ್ಲಿಪ್ಪು, ಫ್ಯೂಸ್ ಹೋಲ್ಡರು, ಬೋರ್ಡು, ಪ್ಲಗ್ಗು, ಒಂದೊಂದು ಜಾಯಿಂಟು. ಅವೆಲ್ಲ ಕೊಟ್ಟಿಗೆಯ ಗೋಡೆಯಷ್ಟೇ ತಣ್ಣಗಿದ್ದರೆ ಹೊಸ ಓಮನ್ನೂ ವೋಲ್ಟನ್ನೂ ತಾರೀಖಿನ ಸಮೇತ ಮುಚ್ಚಳದಲ್ಲಿ ಬರೆದು, ಮರಿಗಳನ್ನು ಒಳಗೆ ಬಿಡಿ.